ದುಡ್ಡು ನೇರ ಖಾತೆಗೆ, ದೂರು ಯಾರ ಖಾತೆಗೆ?



ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲ್ಲ ಅಂತ ನಮ್ಮಲ್ಲೊಂದು ಗಾದೆ ಇದೆ. ಸರ್ಕಾರದ ದುಡ್ಡಿನ ವಿಷಯದಲ್ಲಿ ಈ ಗಾದೆ ದಶಕಗಳ ಕಾಲ ಸುಳ್ಳಾಗಲೇ ಇಲ್ಲ. ವೃದ್ಧಾಪ್ಯ ವೇತನ ಮಂಜೂರಾಗಬೇಕಾ? ಅರ್ಜಿ ಬರೆದುಕೊಟ್ಟವನಿಗೆ ಇಷ್ಟು, ಸಹಿ ಮಾಡಿಸಿಕೊಟ್ಟವನಿಗೆ ಇಷ್ಟು, ದುಡ್ಡು ತಂದು ಕೈಗಿಟ್ಟವನಿಗೆ ಕಾಫಿ ಖರ್ಚು ಅಂತ ಇನ್ನಷ್ಟು. ದಿಲ್ಲಿಯಿಂದ ಹೊರಟ ಒಂದು ರೂಪಾಯಿಯಲ್ಲಿ ಬಡವನಿಗೆ ತಲುಪೋದು 15 ಪೈಸೆ ಮಾತ್ರ ಅಂತ 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರೇ ಹೇಳಿದ್ದರು. ವಿರೋಧ ಪಕ್ಷದವರು ಹೇಳಿದ್ದಲ್ಲ ಸ್ವಾಮಿ, ದೇಶದ ಪ್ರಧಾನಿ ಹೇಳಿದ್ದು.

ಆ ಪೂಜಾರಿಯನ್ನ ಪಕ್ಕಕ್ಕೆ ಸರಿಸೋದಕ್ಕೆ ಅಂತಲೇ ಬಂದಿದ್ದು ಡಿಬಿಟಿ. ನೇರ ನಗದು ವರ್ಗಾವಣೆ. 2013ರ ಜನವರಿ 1ರಂದು ಕೇಂದ್ರ ಸರ್ಕಾರ ಆಯ್ದ ಕೆಲವು ಜಿಲ್ಲೆಗಳಲ್ಲಿ ಇದನ್ನ ಶುರು ಮಾಡಿತು. 2014ರಲ್ಲಿ ಜನಧನ್ ಬಂತು, ಖಾತೆ ಇಲ್ಲದವರಿಗೂ ಖಾತೆ ಆಯ್ತು. ಆಮೇಲೆ ಗ್ಯಾಸ್ ಸಬ್ಸಿಡಿ, ಸ್ಕಾಲರ್‌ಶಿಪ್, ಪಿಂಚಣಿ, ನಮ್ಮ ರಾಜ್ಯದ ಗೃಹಲಕ್ಷ್ಮಿ, ಎಲ್ಲವೂ ನೇರ ಖಾತೆಗೆ. ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ, ಯಾರಿಗೂ ಕಮಿಷನ್ ಕೊಡಬೇಕಾಗಿಲ್ಲ. ಇದು ಒಳ್ಳೆಯ ವ್ಯವಸ್ಥೆ. ಈ ಮಾತನ್ನ ಮೊದಲೇ ಸ್ಪಷ್ಟವಾಗಿ ಹೇಳಿಬಿಡ್ತೀನಿ. ಯಾಕೆಂದರೆ ಇವತ್ತು ನಾನು ಎತ್ತುವ ಪ್ರಶ್ನೆಯನ್ನ ಕೇಳಿ, ಇವರಿಗೆ ಹಳೇ ದಲ್ಲಾಳಿಗಳೇ ಬೇಕು ಅಂತ ಯಾರೂ ಅಂದುಕೊಳ್ಳಬಾರದು.

ಇವತ್ತಿನ ವಿಷಯ ಯುವನಿಧಿ. ಓದು ಮುಗಿಸಿ ಕೆಲಸ ಸಿಗದೆ ಕೂತಿರುವ ಮಕ್ಕಳಿಗೆ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆ.

ನಿಮಗೆ ನೆನಪಿರಬಹುದು. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯ್ತು. 2024ರ ಜನವರಿ 12, ವಿವೇಕಾನಂದ ಜಯಂತಿಯ ದಿನ ಶಿವಮೊಗ್ಗದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಾಲನೆ ಕೊಟ್ಟರು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500. ಪಾಸಾಗಿ 180 ದಿನ ಕಳೆದಿರಬೇಕು, ಕೆಲಸ ಸಿಕ್ಕಿರಬಾರದು, ಮುಂದಿನ ಓದಿಗೆ ಸೇರಿರಬಾರದು. ಗರಿಷ್ಠ ಎರಡು ವರ್ಷ. ಅಷ್ಟರೊಳಗೆ ಕೆಲಸ ಸಿಕ್ಕರೆ ಭತ್ಯೆ ಅಲ್ಲಿಗೇ ನಿಲ್ಲುತ್ತೆ. ಅರ್ಜಿ ಸೇವಾಸಿಂಧು ಪೋರ್ಟಲ್‌ನಲ್ಲಿ. ದುಡ್ಡು ಡಿಬಿಟಿ ಮೂಲಕ.

ಕಾಗದದ ಮೇಲೆ ಎಷ್ಟು ಸರಳವಾಗಿದೆ ನೋಡಿ. ಈಗ ಇದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಹೇಳ್ತೀನಿ.

ಕೆಲವು ದಿನಗಳ ಹಿಂದೆ ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ನಮ್ಮ ಕಚೇರಿಗೆ ಫೋನ್ ಮಾಡಿದ್ದಳು. ಬಿ.ಎಸ್ಸಿ. ಮುಗಿಸಿದಾಕೆ. ಅಪ್ಪನದು ಎರಡು ಎಕರೆ ಜಮೀನು. ಆಕೆ ಹೇಳಿದ್ದು ಇಷ್ಟೇ: "ಸರ್, ಸ್ಟೇಟಸ್ ನೋಡಿದ್ರ ಪೇಮೆಂಟ್ ಆಗೇತಿ ಅಂತ ತೋರಸ್ತೈತ್ರಿ. ನನ್ನ ಪಾಸ್‌ಬುಕ್ಕಿನ್ಯಾಗ ಒಂದ್ ರೂಪಾಯಿನೂ ಬಂದಿಲ್ರಿ. ನಾಲ್ಕ್ ತಿಂಗಳಾತ್ರಿ."

ನಾಲ್ಕು ತಿಂಗಳು ಅಂದರೆ 12,000 ರೂಪಾಯಿ. ಆಕೆ ಬ್ಯಾಂಕಿಗೆ ಹೋದಳು. "ನಮ್ಮಲ್ಲಿಗೆ ಬಂದಿಲ್ಲಮ್ಮ, ಇಲಾಖೆಯಲ್ಲಿ ಕೇಳು" ಅಂದರು. ಇಲಾಖೆಗೆ ಹೋದಳು. "ನಮ್ಮಿಂದ ಹೋಗಿದೆ, ಬ್ಯಾಂಕಲ್ಲಿ ಕೇಳು" ಅಂದರು. ಮತ್ತೆ ಬ್ಯಾಂಕು, ಮತ್ತೆ ಇಲಾಖೆ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಇರೋದರಿಂದ ಅಲೆದಾಟಕ್ಕೆ ಟಿಕೆಟ್ ದುಡ್ಡಾದರೂ ಉಳೀತು, ಅದೊಂದು ಪುಣ್ಯ. ಒಂದು ಯೋಜನೆಯ ದುಡ್ಡು ಹುಡುಕೋದಕ್ಕೆ ಇನ್ನೊಂದು ಯೋಜನೆ ಬೇಕಾಯ್ತು!

ಇದರಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಅಲ್ಲ. ಇಲಾಖೆಯವರು ಹೇಳಿದ್ದೂ ನಿಜ, ಬ್ಯಾಂಕಿನವರು ಹೇಳಿದ್ದೂ ನಿಜ. ದುಡ್ಡು ಹೋಗಿತ್ತು, ಆದರೆ ಆ ಬ್ಯಾಂಕಿಗೆ ಹೋಗಿರಲಿಲ್ಲ.

ಹಾಗಾದರೆ ಎಲ್ಲಿಗೆ ಹೋಯ್ತು? ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳಿ. ಇದು ನಿಮ್ಮ ಮನೆಯ ಪಿಂಚಣಿಗೂ, ಗೃಹಲಕ್ಷ್ಮಿಗೂ, ಗ್ಯಾಸ್ ಸಬ್ಸಿಡಿಗೂ ಅನ್ವಯಿಸುತ್ತೆ.

ನಾವೆಲ್ಲ ಅಂದುಕೊಂಡಿರೋದು ಏನು? ಅರ್ಜಿ ಜೊತೆ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ದೀವಿ, ಆ ಖಾತೆಗೇ ದುಡ್ಡು ಬರುತ್ತೆ ಅಂತ. ಆಧಾರ್ ಆಧಾರಿತ ಡಿಬಿಟಿ ಹಾಗೆ ಕೆಲಸ ಮಾಡೋದಿಲ್ಲ. ಅಲ್ಲಿ ದುಡ್ಡಿಗೆ ವಿಳಾಸ ನಿಮ್ಮ ಆಧಾರ್ ಸಂಖ್ಯೆ. ಎನ್‌ಪಿಸಿಐ ಅಂತ ಒಂದು ಸಂಸ್ಥೆ ಇದೆ, ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್. ನೀವು ದಿನಾ ಬಳಸುವ ಯುಪಿಐ ನಡೆಸೋದೂ ಅದೇ. ಅದರ ಹತ್ತಿರ ಒಂದು ದೊಡ್ಡ ಪಟ್ಟಿ ಇದೆ. ಯಾವ ಆಧಾರ್ ಸಂಖ್ಯೆಗೆ ಯಾವ ಬ್ಯಾಂಕು ಅಂತ. ಒಂದು ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕು. ಸರ್ಕಾರ ದುಡ್ಡು ಕಳಿಸಿದಾಗ ಆ ಪಟ್ಟಿ ನೋಡಿ, ಅಲ್ಲಿ ಯಾವ ಬ್ಯಾಂಕಿನ ಹೆಸರಿದೆಯೋ ಆ ಬ್ಯಾಂಕಿಗೆ ದುಡ್ಡು ಹೋಗುತ್ತೆ. ನಿಮಗೆ ನಾಲ್ಕು ಬ್ಯಾಂಕಲ್ಲಿ ಖಾತೆ ಇದ್ದು, ನಾಲ್ಕಕ್ಕೂ ಆಧಾರ್ ಕೊಟ್ಟಿದ್ದರೂ ಅಷ್ಟೇ. ಡಿಬಿಟಿಗೆ ಕೊನೆಯದಾಗಿ ಯಾವುದನ್ನ ಜೋಡಿಸಿದ್ದಾರೋ ಅದೇ ಲೆಕ್ಕ.

ಆ ಹುಡುಗಿ ಡಿಗ್ರಿ ಓದುವಾಗ ಮೊಬೈಲ್ ಅಂಗಡಿಯೊಂದರಲ್ಲಿ ಬೆರಳು ಒತ್ತಿ ಒಂದು ಖಾತೆ ತೆರೆದಿದ್ದಳು. ಅದರ ಪಾಸ್‌ಬುಕ್ಕೂ ಇಲ್ಲ, ಎಟಿಎಂ ಕಾರ್ಡೂ ಇಲ್ಲ. ಹಾಗೊಂದು ಖಾತೆ ಇದೆ ಅನ್ನೋದೇ ಆಕೆಗೆ ಮರೆತುಹೋಗಿತ್ತು. 12,000 ರೂಪಾಯಿ ಅಲ್ಲಿ ಕೂತಿತ್ತು.

ಇದೇನೂ ಹೊಸದಲ್ಲ. 2017ರಲ್ಲಿ ಇಡೀ ದೇಶ ಇದನ್ನ ನೋಡಿದೆ. ಮೊಬೈಲ್ ಕಂಪನಿಯೊಂದು ಸಿಮ್‌ಗೆ ಆಧಾರ್ ಜೋಡಿಸೋ ನೆಪದಲ್ಲಿ ತನ್ನದೇ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದು, ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹರಿದುಹೋಗಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಆಧಾರ್ ಪ್ರಾಧಿಕಾರ ಆ ಕಂಪನಿಯ ಇ-ಕೆವೈಸಿ ಪರವಾನಗಿಯನ್ನೇ ಅಮಾನತು ಮಾಡಬೇಕಾಯ್ತು. ದುಡ್ಡು ಯಾರೂ ಕದ್ದಿರಲಿಲ್ಲ. ಯಜಮಾನನಿಗೆ ಗೊತ್ತಿಲ್ಲದ ಪೆಟ್ಟಿಗೆಗೆ ಬಿದ್ದಿತ್ತು.

ನಾನು ಓದಿದ್ದು ಎಂಜಿನಿಯರಿಂಗ್. ಕಂಟ್ರೋಲ್ ಸಿಸ್ಟಮ್ಸ್ ಅಂತ ನಮಗೊಂದು ಸಬ್ಜೆಕ್ಟ್ ಇತ್ತು. ಅದರ ಮೊದಲ ಪಾಠವೇ ಓಪನ್ ಲೂಪ್ ಮತ್ತು ಕ್ಲೋಸ್ಡ್ ಲೂಪ್. ಭಾರೀ ಪದಗಳು ಅಂತ ಹೆದರಬೇಡಿ, ನಿಮ್ಮ ಮನೆಯ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಮೋಟರ್ ಆನ್ ಮಾಡ್ತೀರಿ, ನೀರು ಮೇಲಕ್ಕೆ ಹೋಗುತ್ತೆ. ಟ್ಯಾಂಕ್ ತುಂಬಿತಾ ಇಲ್ವಾ ಅಂತ ಮೋಟರಿಗೆ ಗೊತ್ತಾಗೋದಿಲ್ಲ. ಅದು ಓಡ್ತಾನೇ ಇರುತ್ತೆ. ಇದು ಓಪನ್ ಲೂಪ್. ಮೇಲಿನಿಂದ ಯಾರಾದರೂ "ನೀರು ತುಂಬ್ತು, ಆಫ್ ಮಾಡ್ರೋ" ಅಂತ ಕೂಗಿದಾಗ, ಅಥವಾ "ಏನ್ರೋ, ನೀರೇ ಬರ್ತಿಲ್ಲ" ಅಂತ ಕೂಗಿದಾಗ ಅದು ಕ್ಲೋಸ್ಡ್ ಲೂಪ್. ಮೇಲಿಂದ ಕೆಳಕ್ಕೆ ತಿರುಗಿ ಬರುವ ಆ ಕೂಗು ಇದೆಯಲ್ಲ, ಅದಕ್ಕೆ ಫೀಡ್‌ಬ್ಯಾಕ್ ಅಂತ ಹೆಸರು. ಅದಿಲ್ಲದ ಯಂತ್ರವನ್ನ ನಂಬಿ ಯಾವ ಎಂಜಿನಿಯರೂ ನಿದ್ದೆ ಮಾಡೋದಿಲ್ಲ.

ನಮ್ಮ ಡಿಬಿಟಿಯಲ್ಲಿ ಮೋಟರ್ ಇದೆ, ಪೈಪ್ ಇದೆ. ಕೂಗು ಕೇಳಿಸಿಕೊಳ್ಳೋರು ಇಲ್ಲ. ದುಡ್ಡು ಹೊರಟ ತಕ್ಷಣ ವಿಧಾನಸೌಧದ ಲೆಕ್ಕದಲ್ಲಿ ಆ ಕೆಲಸ ಮುಗೀತು, ಇಷ್ಟು ಕೋಟಿ ವರ್ಗಾವಣೆ ಅಂತ ಪತ್ರಿಕಾ ಪ್ರಕಟಣೆಯೂ ಬಂತು. ತಲುಪಿತಾ ಅಂತ ಹಾವೇರಿಯ ಆ ಹುಡುಗಿಯನ್ನ ಕೇಳೋರು ಯಾರು?

ಹಳೇ ವ್ಯವಸ್ಥೆಯಲ್ಲಿ ತಿನ್ನೋ ಮನುಷ್ಯ ಇದ್ದ. ಅವನ ಕೊರಳಪಟ್ಟಿ ಹಿಡಿದು "ನನ್ನ ದುಡ್ಡೆಲ್ಲಿ" ಅಂತ ಕೇಳೋ ಅವಕಾಶವೂ ಇತ್ತು. ಪೋಸ್ಟ್‌ಮ್ಯಾನ್ ಯಾರು ಅಂತ ಅಜ್ಜಿಗೆ ಗೊತ್ತಿತ್ತು, ಗ್ರಾಮಲೆಕ್ಕಿಗನ ಮನೆ ಎಲ್ಲಿದೆ ಅಂತ ಊರಿಗೇ ಗೊತ್ತಿತ್ತು. ಈಗ ತಿನ್ನೋ ಪೂಜಾರಿಯನ್ನ ತೆಗೆದಿದ್ದೀವಿ, ಸಂತೋಷ. ಆದರೆ ಗರ್ಭಗುಡಿಯ ಬೀಗದ ಕೈ ಎಲ್ಲಿಟ್ಟಿದ್ದೀವಿ ಅಂತ ಭಕ್ತನಿಗೆ ಹೇಳಬೇಕೋ ಬೇಡವೋ?

ಇದು ನಮ್ಮ ದೇಶದ್ದೊಂದೇ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ನಿರುದ್ಯೋಗ ವಿಮೆ 1935ರಿಂದ ಇದೆ. ಕೆಲಸ ಹೋದವರಿಗೆ ಅಲ್ಲಿನ ರಾಜ್ಯ ಸರ್ಕಾರಗಳು ವಾರದ ಲೆಕ್ಕದಲ್ಲಿ ದುಡ್ಡು ಕೊಡ್ತವೆ, ಅದೂ ನೇರ ಖಾತೆಗೆ. 2020ರಲ್ಲಿ ಕೊರೊನಾ ಬಂದಾಗ ಏನಾಯ್ತು? ಮಾರ್ಚ್ ಕೊನೆಯ ಒಂದೇ ವಾರದಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ವೆಬ್‌ಸೈಟ್‌ಗಳು ಕುಸಿದವು, ಫೋನ್ ಎತ್ತೋರಿಲ್ಲ. ನ್ಯೂಜೆರ್ಸಿ ರಾಜ್ಯದ ಗವರ್ನರ್ ಟಿವಿ ಮುಂದೆ ಬಂದು, ನಮ್ಮ ಕಂಪ್ಯೂಟರ್ ವ್ಯವಸ್ಥೆ ಬಹಳ ಹಳೇದು, ಕೋಬಾಲ್ ಗೊತ್ತಿರುವ ಪ್ರೋಗ್ರಾಮರ್‌ಗಳು ಸಹಾಯಕ್ಕೆ ಬನ್ನಿ ಅಂತ ಕೇಳಿಕೊಳ್ಳಬೇಕಾಯ್ತು. ಕೋಬಾಲ್ 1959ರಲ್ಲಿ ಹುಟ್ಟಿದ ಭಾಷೆ. ಖಜಾನೆಯಲ್ಲಿ ದುಡ್ಡಿತ್ತು, ಮನೆಯಲ್ಲಿ ಬಾಡಿಗೆ ಬಾಕಿ ಇತ್ತು, ಮಧ್ಯದಲ್ಲಿ ಯಂತ್ರ ಕೆಮ್ಮುತ್ತಾ ನಿಂತಿತ್ತು. ಯಂತ್ರ ಯಾವ ದೇಶದಲ್ಲಾದರೂ ಕೈಕೊಡುತ್ತೆ. ಕೈಕೊಟ್ಟಾಗ ಯಾರು ಉತ್ತರ ಕೊಡ್ತಾರೆ ಅನ್ನೋದು ಪ್ರಶ್ನೆ. ಅಲ್ಲಿ ಗವರ್ನರ್ ಎದುರಿಗೆ ಬಂದು ಮಾತಾಡಿದರು. ಇಲ್ಲಿ?

ಈಗ ಇನ್ನೊಂದು ಮಾತು. ಇದು ಲೆಕ್ಕಕ್ಕೆ ಸಿಗದ ಮಾತು.

ಯುವನಿಧಿ ಪಡೆಯೋ ಹುಡುಗ, ಹುಡುಗಿ ಒಂದು ಸ್ವಯಂ ಘೋಷಣೆ ಕೊಡಬೇಕು. ಯೋಜನೆ ಶುರುವಾದಾಗ ಇದ್ದ ನಿಯಮದ ಪ್ರಕಾರ ಪ್ರತಿ ತಿಂಗಳು, 25ನೇ ತಾರೀಕಿನ ಒಳಗೆ. ಏನಂತ? ನನಗೆ ಇನ್ನೂ ಕೆಲಸ ಸಿಕ್ಕಿಲ್ಲ ಅಂತ. ನಿಯಮ ಸರಿ ಇದೆ. ಕೆಲಸ ಸಿಕ್ಕವನಿಗೆ ಭತ್ಯೆ ಯಾಕೆ ಕೊಡಬೇಕು? ಆದರೆ 23 ವರ್ಷದ ಹುಡುಗ ಮೊಬೈಲ್ ತೆಗೆದು, ಓಟಿಪಿ ಹಾಕಿ, "ನಾನು ನಿರುದ್ಯೋಗಿ" ಅಂತ ತಾನೇ ಒತ್ತುವ ಆ ಗಳಿಗೆ ಇದೆಯಲ್ಲ, ಅದನ್ನ ಒಮ್ಮೆ ಯೋಚನೆ ಮಾಡಿ.

ನಾನು ಬಿ.ಇ. ಮುಗಿಸಿದ್ದು 2009ರಲ್ಲಿ. ಜಗತ್ತಿಗೆಲ್ಲ ಆರ್ಥಿಕ ಹಿಂಜರಿತ. ನಮ್ಮ ಬ್ಯಾಚಿನ ಎಷ್ಟೋ ಜನರ ಕೈಯಲ್ಲಿ ಆಫರ್ ಲೆಟರ್ ಇತ್ತು, ಜಾಯಿನಿಂಗ್ ಡೇಟ್ ಇರಲಿಲ್ಲ. ಮದುವೆ, ಗೃಹಪ್ರವೇಶಕ್ಕೆ ಹೋಗೋದಕ್ಕೇ ಹಿಂಜರಿಕೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ದೊಡ್ಡಪ್ಪ ಪಾಯಸ ಬಡಿಸೋದರೊಳಗೆ ಕೇಳೇ ಕೇಳ್ತಾರೆ, "ಈಗ ಏನ್ಮಾಡ್ತಿದ್ದೀಯಪ್ಪಾ?" ಆ ಒಂದು ಪ್ರಶ್ನೆ ಸಾಕು, ಪಾಯಸ ಗಂಟಲಲ್ಲಿ ಇಳಿಯೋದಿಲ್ಲ. ನಮ್ಮನ್ನ ನೆಂಟರು ಮಾತ್ರ ಕೇಳ್ತಿದ್ದರು. ಈಗಿನ ಮಕ್ಕಳನ್ನ ಸರ್ಕಾರವೂ ಕೇಳುತ್ತೆ, ಅವರು ತಲೆತಗ್ಗಿಸಿ ಉತ್ತರಾನೂ ಕೊಡ್ತಾರೆ. ಅಷ್ಟಾದ ಮೇಲೆಯೂ ದುಡ್ಡು ಬರಲಿಲ್ಲ, ಯಾಕೆ ಬರಲಿಲ್ಲ ಅಂತಲೂ ಯಾರೂ ಹೇಳಲಿಲ್ಲ ಅಂದರೆ? ಆ ಮಗುವಿನ ಮನಸ್ಸಿಗೆ ಏನನ್ನಿಸುತ್ತೆ? ಮಾಹಿತಿ ಬೇಕು ಅಂದಾಗ ಸರ್ಕಾರ ಮನೆ ಬಾಗಿಲಿಗೆ ಬರುತ್ತೆ, ಉತ್ತರ ಬೇಕು ಅಂದಾಗ ಬಾಗಿಲು ಹಾಕಿಕೊಳ್ಳುತ್ತೆ ಅಂತ ಅನ್ನಿಸೋದಿಲ್ವಾ?

"ಅಯ್ಯೋ, ಬಿಟ್ಟಿ ದುಡ್ಡು ತಾನೇ, ಬಂದರೆ ಬಂತು, ಹೋದರೆ ಹೋಯ್ತು" ಅಂತ ಕೆಲವರು ಹೇಳಬಹುದು. ಲೆಕ್ಕ ಹಾಕೋಣ ಬನ್ನಿ. ತಿಂಗಳಿಗೆ 3,000 ಅಂದರೆ ದಿನಕ್ಕೆ 100 ರೂಪಾಯಿ. ಎರಡು ವರ್ಷ ಒಂದು ತಿಂಗಳೂ ತಪ್ಪದೆ ಬಂದರೆ 72,000. ಈ ದುಡ್ಡಲ್ಲಿ ಯಾರೂ ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಿ ಕಾಲ ಮೇಲೆ ಕಾಲು ಹಾಕಿ ಕೂರೋದಕ್ಕೆ ಆಗೋದಿಲ್ಲ. ಪರೀಕ್ಷೆಯ ಅರ್ಜಿ ಶುಲ್ಕ, ಒಂದು ಪುಸ್ತಕ, ಇಂಟರ್‌ವ್ಯೂಗೆ ಹೋಗಿಬರುವ ಖರ್ಚು, ಮೊಬೈಲ್ ರೀಚಾರ್ಜ್. ಅಷ್ಟಕ್ಕೆ ಅಪ್ಪನ ಮುಂದೆ ಕೈಚಾಚೋದು ತಪ್ಪುತ್ತೆ. ಈ ಯೋಜನೆ ಬೇಕಾ ಬೇಡವಾ, ಇದರ ಬದಲು ಉದ್ಯೋಗವನ್ನೇ ಸೃಷ್ಟಿ ಮಾಡಬಾರದಾ, ಈ ಚರ್ಚೆ ನಡೀಲಿ, ನಾನೇ ಈ ಸ್ಟುಡಿಯೋದಲ್ಲಿ ನಡೆಸಿದ್ದೀನಿ. ಆದರೆ ಕೊಡ್ತೀವಿ ಅಂತ ಹೇಳಿ ಅರ್ಜಿ ಹಾಕಿಸಿಕೊಂಡ ಮೇಲೆ ಅದು ಭಿಕ್ಷೆ ಆಗಿ ಉಳಿಯೋದಿಲ್ಲ, ಬಾಕಿ ಆಗುತ್ತೆ. ಬಾಕಿಗೆ ಉತ್ತರ ಕೊಡಲೇಬೇಕು.

ಇನ್ನೊಂದು ದುಡ್ಡಿದೆ. ಅದು ಬಿಟ್ಟಿ ಅನ್ನೋ ಪ್ರಶ್ನೆಯೇ ಇಲ್ಲ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಕಾರ್ಖಾನೆಯಲ್ಲಿ ದುಡಿಯುವ ಇಎಸ್ಐ ಕಾರ್ಮಿಕನ ಸಂಬಳದಲ್ಲಿ ಪ್ರತಿ ತಿಂಗಳು ಶೇ. 0.75 ಕಡಿತ ಆಗುತ್ತೆ, ಮಾಲೀಕ ಶೇ. 3.25 ಸೇರಿಸ್ತಾನೆ. ಆ ಇಎಸ್ಐನಲ್ಲಿ 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿದೆ. ಕೆಲಸ ಕಳೆದುಕೊಂಡ ಕಾರ್ಮಿಕ ಅರ್ಹನಾಗಿದ್ದರೆ ಜೀವನದಲ್ಲಿ ಒಂದು ಸಲ, 90 ದಿನಗಳವರೆಗೆ ಸಹಾಯಧನ, ನೇರ ಖಾತೆಗೆ. ಮೊದಲು ಸರಾಸರಿ ಸಂಬಳದ ಶೇ. 25 ಇತ್ತು, 2020ರಲ್ಲಿ ಶೇ. 50ಕ್ಕೆ ಏರಿಸಿದರು. ನಿಮ್ಮ ಬೀದಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನ ಕೇಳಿ ನೋಡಿ, ಇದರ ಹೆಸರು ಕೇಳಿದವರು ಎಷ್ಟು ಜನ ಸಿಗ್ತಾರೆ ಅಂತ. ಸಂಬಳದಿಂದ ಕಡಿಯೋದು ಯಾರೂ ಕೇಳದೆ ತಾನಾಗಿ ನಡೆಯುತ್ತೆ. ಕೊಡೋದು ಮಾತ್ರ ಕೇಳಿದವರಿಗೆ. ಕೇಳಬೇಕು ಅಂತಲೇ ಗೊತ್ತಿಲ್ಲದವರಿಗೆ?

ಸರ್ಕಾರಕ್ಕೆ ನಾನು ಕೇಳೋದು ಮೂರೇ ಮೂರು. ಇದಕ್ಕೆ ದೊಡ್ಡ ಬಜೆಟ್ ಬೇಕಾಗಿಲ್ಲ, ಹೊಸ ಇಲಾಖೆಯೂ ಬೇಡ.

ಒಂದು, ಪ್ರತಿ ಪಾವತಿಗೂ ಕನ್ನಡದಲ್ಲಿ ಒಂದು ಎಸ್‌ಎಂಎಸ್. ದುಡ್ಡು ಹೋದರೆ ಯಾವ ಬ್ಯಾಂಕಿಗೆ ಹೋಯ್ತು ಅಂತ, ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತ. ಇಂಗ್ಲಿಷ್ ಕೋಡ್ ಕಳಿಸಬೇಡಿ. "ನಿಮ್ಮ ಖಾತೆ ಡಿಬಿಟಿಗೆ ಜೋಡಣೆ ಆಗಿಲ್ಲ, ಬ್ಯಾಂಕಿಗೆ ಹೋಗಿ ಮಾಡಿಸಿ." ಇಷ್ಟು ಸಾಕು.

ಎರಡು, ತಾಲ್ಲೂಕಿಗೆ ಒಬ್ಬ ಅಧಿಕಾರಿ. ಹೆಸರು, ಫೋನ್ ನಂಬರ್ ಬೋರ್ಡಿನ ಮೇಲೆ ಇರಲಿ. ಇಲಾಖೆಯ ದಾಖಲೆಯನ್ನೂ ಬ್ಯಾಂಕಿನ ದಾಖಲೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಇಷ್ಟು ದಿನದೊಳಗೆ ಉತ್ತರ ಕೊಡೋದು ಅವರ ಹೊಣೆ. "ಅಲ್ಲಿ ಕೇಳು" ಅನ್ನೋ ಮಾತು ಅವರ ಬಾಯಲ್ಲಿ ಬರಬಾರದು.

ಮೂರು, ಎಷ್ಟು ಕೋಟಿ ಕಳಿಸಿದ್ದೀವಿ ಅಂತ ಹೇಳುವ ಪ್ರಕಟಣೆಯಲ್ಲೇ ಎಷ್ಟು ಪಾವತಿ ತಲುಪದೆ ವಾಪಸ್ ಬಂತು ಅಂತಲೂ ಹೇಳಿ. ದೋಷ ಸರಿಯಾದ ಮೇಲೆ ಹಿಂದಿನ ಬಾಕಿಯನ್ನ ಮತ್ತೊಂದು ಅರ್ಜಿ ಕೇಳದೆ ಹಾಕಿ.

ನಿಮ್ಮ ಕೈಯಲ್ಲೇ ಇರುವ ಕೆಲಸವೂ ಸ್ವಲ್ಪ ಇದೆ ವೀಕ್ಷಕರೇ. ಮೈ ಆಧಾರ್ ವೆಬ್‌ಸೈಟ್‌ಗೆ ಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅನ್ನೋದನ್ನ ಒತ್ತಿ. ನಿಮ್ಮ ಆಧಾರ್‌ಗೆ ಡಿಬಿಟಿಗಾಗಿ ಜೋಡಣೆಯಾಗಿರುವ ಬ್ಯಾಂಕ್ ಯಾವುದು ಅಂತ ಅಲ್ಲೇ ಕಾಣುತ್ತೆ. ಡಿಬಿಟಿ ಕರ್ನಾಟಕ ಅನ್ನೋ ಆ್ಯಪ್‌ನಲ್ಲಿ ರಾಜ್ಯ ಸರ್ಕಾರದ ಯಾವ ಯೋಜನೆಯ ದುಡ್ಡು ಯಾವಾಗ ಹೋಗಿದೆ ಅಂತ ನೋಡಬಹುದು. ಬೇರೆ ಬ್ಯಾಂಕಿಗೆ ಬದಲಾಯಿಸಬೇಕಾದರೆ ಆ ಬ್ಯಾಂಕಿಗೆ ಹೋಗಿ, "ಆಧಾರ್ ಲಿಂಕ್ ಮಾಡಿ" ಅಂತಷ್ಟೇ ಹೇಳಬೇಡಿ, "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಅಂತ ಹೇಳಿ. ಎರಡೂ ಬೇರೆ ಬೇರೆ. ಮತ್ತೆ, "ನಿಮ್ಮ ಯುವನಿಧಿ ಬಾಕಿ ಇದೆ, ಓಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ ತಕ್ಷಣ ಇಟ್ಟುಬಿಡಿ. ಖಾತೆಗೆ ದುಡ್ಡು ಬರೋದಕ್ಕೆ ಫೋನಿನಲ್ಲಿ ಯಾರಿಗೂ ಓಟಿಪಿ ಹೇಳಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ.

ಮೊಬೈಲ್ ಬಳಸೋದು ಬಾರದ ಹಿರಿಯರು ನಿಮ್ಮ ಪಕ್ಕದ ಮನೆಯಲ್ಲಿದ್ದರೆ ಇದೊಂದು ಉಪಕಾರ ಮಾಡಿ. ಕೆಲಸ ಸಿಗದ ಮಕ್ಕಳಿಗೆ ನಾನು ವಿಶೇಷವಾಗಿ ಹೇಳೋದು, ನೀವೇ ಮುಂದೆ ನಿಂತು ಊರಿನ ಪಾಸ್‌ಬುಕ್‌ಗಳನ್ನೆಲ್ಲ ಒಮ್ಮೆ ನೋಡಿಕೊಡಿ. ನಿಮಗೆ ಬರುವಷ್ಟು ಮೊಬೈಲ್ ಊರಲ್ಲಿ ಬೇರೆ ಯಾರಿಗೆ ಬರುತ್ತೆ?

ಸರ್ಕಾರಕ್ಕೆ ಕೊನೆಯ ಮಾತು. ಪೈಪ್ ಹಾಕಿದ್ದೀರಿ, ಮೋಟರ್ ಆನ್ ಮಾಡಿದ್ದೀರಿ, ಒಳ್ಳೇದು. ಈಗ ಮಹಡಿ ಮೇಲಿಂದ ಕೂಗು ಕೇಳಿಸ್ತಿದೆ, ನೀರು ಬರ್ತಿಲ್ಲ ಅಂತ. ಕೆಳಗೆ ಸ್ವಿಚ್ ಹತ್ತಿರ ಕಿವಿ ಇರುವ ಒಬ್ಬ ಮನುಷ್ಯನನ್ನ ನಿಲ್ಲಿಸಿ.